ಹಳೆಯ ಲ್ಯಾಪ್‌ಟಾಪ್ ಎಸೆಯುವ ಮುನ್ನ...

"ಇದನ್ನು ಬಿಟ್ಟು ಹೊಸದು ತೆಗೆದುಕೊಳ್ಳಿ. ಇನ್ನು ಇದಕ್ಕೆ ಆಯುಷ್ಯವಿಲ್ಲ."

2024ರ ನವೆಂಬರಿನಲ್ಲಿ ನಮ್ಮ ಎಂಟು ವರ್ಷದ ಲ್ಯಾಪ್‌ಟಾಪನ್ನು ಪರೀಕ್ಷಿಸಿದ ಅಂಗಡಿಯಾತ ಹೇಳಿದ ಮಾತಿದು. ತೆರೆ ಚೆನ್ನಾಗಿತ್ತು, ಕೀಲಿಮಣೆ ಚೆನ್ನಾಗಿತ್ತು, ಬ್ಯಾಟರಿ ಕೂಡ ಎರಡು ಗಂಟೆ ಬಾಳುತ್ತಿತ್ತು. ಅದರ ದೋಷವೆಂದರೆ ಒಂದೇ: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಸುರಕ್ಷತಾ ಪರಿಷ್ಕರಣೆಗಳು ಬರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಾರಿತ್ತು, ವಿಂಡೋಸ್ 11 ಆಗಲಿ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮದು ಆರನೇ ಪೀಳಿಗೆಯದು. ನೇಸ್ ಇರುವ ಇದೇ ಕಿಲ್ಡೇರ್ ಕೌಂಟಿಯ ಲೀಕ್ಸ್‌ಲಿಪ್‌ನಲ್ಲಿ 1989ರಿಂದ ಇಂಟೆಲ್ ನೆಲೆಯೂರಿದೆ. ನಮ್ಮ ಶಾಲೆಗೆ ಬರುವ ಕೆಲವು ಮಕ್ಕಳ ತಂದೆತಾಯಿಯರಿಗೆ ಅಲ್ಲೇ ಕೆಲಸ. ಚಿಪ್ ಮಾಡುವವರ ಊರಿನಲ್ಲಿ ಕುಳಿತು ಚಿಪ್ ಹಳತಾಯಿತೆಂದು ಕೊರಗುವ ಪ್ರಸಂಗ ನಮ್ಮದಾಯಿತು!

ನಾವು ಎಂದರೆ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕರೆತರುವ ನಾಲ್ಕು ಮನೆಯವರು. ಮಕ್ಕಳು ಒಳಗೆ ಒತ್ತಕ್ಷರ ತಿದ್ದುತ್ತಿರುವಾಗ ನಾವು ಹೊರಗೆ ಕಾಫಿ ಕುಡಿಯುತ್ತ ಲೋಕದ ಸಮಸ್ಯೆಗಳನ್ನೆಲ್ಲ ಬಗೆಹರಿಸುವುದು ವಾಡಿಕೆ. ಆ ದಿನ ಲ್ಯಾಪ್‌ಟಾಪಿನ ವಿಷಯ ಬಂತು. ಹಾಗೆ ನೋಡಿದರೆ ಅದನ್ನು ಎಸೆಯುವುದು ಐರ್ಲೆಂಡಿನಲ್ಲಿ ಬಹಳ ಸುಲಭ. 2005ರ ಆಗಸ್ಟಿನಿಂದ ಇಲ್ಲಿ ಹಳೆಯ ವಿದ್ಯುತ್ ಉಪಕರಣಗಳನ್ನು ಹಣ ಪಡೆಯದೆ ಹಿಂದಕ್ಕೆ ತೆಗೆದುಕೊಳ್ಳುವ ನಿಯಮವಿದೆ. ಕಿಲ್ಕಲನ್ ಬಳಿಯ ಸಿಲಿಯಟ್ ಹಿಲ್ ಕೇಂದ್ರಕ್ಕೆ ಕಾರಿನಲ್ಲಿ ಒಯ್ದು ಇಟ್ಟುಬಂದರೆ ಮುಗಿಯಿತು. ನಿಯಮ ಒಳ್ಳೆಯದೇ. ಆದರೆ ಎಸೆಯುವುದು ಇಷ್ಟು ಸಲೀಸಾದಾಗ ಎಸೆಯಬೇಕೇ ಎಂಬ ಪ್ರಶ್ನೆಯೇ ಮನಸ್ಸಿಗೆ ಬರುವುದಿಲ್ಲ ಎಂಬುದು ನಮ್ಮ ಅನಿಸಿಕೆ. ಊರಿನಲ್ಲಿ ಹಳೆಯ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದ ಮೇಲೆ ಒರಸುವ ಬಟ್ಟೆಯಾಗುತ್ತಿತ್ತು. ಅಂಥ ಮನೆಗಳಿಂದ ಬಂದವರು ನಾವು.

ಎಸೆಯಲು ಕೈಬರದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲೊಬ್ಬರ ತಂದೆಯವರು ಸಾಗರದಲ್ಲಿ ಶಾಲಾ ಮಾಸ್ತರರಾಗಿದ್ದರು. ನಿವೃತ್ತಿಯ ನಂತರ ತಮ್ಮ ಬಾಲ್ಯ, ಅಡಿಕೆ ತೋಟ, ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ನೆಂಟರ ಊರು, ತಾವು ಕಲಿಸಿದ ಮಕ್ಕಳು, ಇವನ್ನೆಲ್ಲ ಕುರಿತು ಬರೆದು, 2006ರಲ್ಲಿ ಅಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದರು. ಒಟ್ಟು ನೂರನಲವತ್ತು ಪುಟ. ಸೀಡಿಯಲ್ಲಿ ಹಾಕಿ ಮಗನಿಗೆ ಕಳಿಸಿದರು. ಈಗ ಅವರಿಲ್ಲ. ಸೀಡಿ ಗೀಚಿ ಹಾಳಾಗಿದೆ. ಆ ಕಡತ ಉಳಿದಿದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಇಂದಿನ ಮಕ್ಕಳಿಗೆ ಒಂದು ಮಾತು ವಿವರಿಸಬೇಕು. ಈಗ ನೀವು ಫೋನಿನಲ್ಲಿ ಕನ್ನಡ ಒತ್ತಿದರೆ ಅದು ಜಗತ್ತಿನ ಯಾವ ಮೂಲೆಯಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಇದಕ್ಕೆ ಕಾರಣ ಯುನಿಕೋಡ್ ಎಂಬ ಜಾಗತಿಕ ಸಂಕೇತ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಆದರೆ ಇದು ಎಲ್ಲರ ಬಳಕೆಗೆ ಬರುವ ಮೊದಲು ಬರಹ, ನುಡಿ ಮೊದಲಾದ ತಂತ್ರಾಂಶಗಳು ಒಂದು ಉಪಾಯ ಮಾಡುತ್ತಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕೊಂಬು ಟೋಪಿ ತೊಟ್ಟ ಫ್ರೆಂಚ್ ಅಕ್ಷರಗಳ ಜಾತ್ರೆ! ಆ ಕಾಲದ ಲೆಕ್ಕವಿಲ್ಲದಷ್ಟು ಕನ್ನಡ ಕಡತಗಳು, ಮದುವೆ ಕರೆಯೋಲೆಯಿಂದ ಹಿಡಿದು ಕಥಾಸಂಕಲನದವರೆಗೆ, ಹೀಗೆಯೇ ಇವೆ. ಅವನ್ನು ಬರೆದ ನುಡಿ ನಡೆಯುವುದು ವಿಂಡೋಸ್‌ನಲ್ಲಿ. ಆದ್ದರಿಂದ ವಿಂಡೋಸನ್ನು ಪೂರ್ತಿ ಅಳಿಸಲು ಮನಸ್ಸಿಲ್ಲ, ಅದೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ನಮ್ಮ ಬಿಕ್ಕಟ್ಟು ಇದು.

ಇದಕ್ಕೆ ಪರಿಹಾರವಾಗಿ ಬಂದದ್ದೇ ಒಂದು ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಡುವ ವಿಚಾರ. ಡ್ಯುಯಲ್ ಬೂಟ್ ಎಂದು ಇದಕ್ಕೆ ಹೆಸರು. ಕಂಪ್ಯೂಟರನ್ನು ಚಾಲೂ ಮಾಡಿದಾಗ "ಯಾವುದು ಬೇಕು?" ಎಂಬ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಬೇಕಾದ್ದನ್ನು ಆರಿಸಿದರೆ ಅದು ಏಳುತ್ತದೆ, ಇನ್ನೊಂದು ಮಲಗಿರುತ್ತದೆ. ಇದನ್ನು ಕೇಳಿದ ಐದನೇ ತರಗತಿಯ ಹುಡುಗಿಯೊಬ್ಬಳು "ನಾವೂ ಹಾಗೇ ಅಲ್ವಾ? ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಐರಿಷ್. ಆದ್ರೆ ನಮಗೆ ರೀಸ್ಟಾರ್ಟ್ ಬೇಡ" ಎಂದಳು. ನಾವು ನಕ್ಕೆವು. ಊರಿನಿಂದ ಬಂದ ಮೊದಲ ವರ್ಷ ನಮ್ಮಲ್ಲಿ ಕೆಲವರಿಗೆ ರೀಸ್ಟಾರ್ಟ್ ಬೇಕಾಗಿತ್ತು ಎಂಬುದು ಬೇರೆ ಮಾತು.

ಆಶ್ಚರ್ಯವೆಂದರೆ, ಕಂಪ್ಯೂಟರ್ ಉದ್ಯೋಗದಲ್ಲೇ ಇರುವ ಇಬ್ಬರು ಅಪ್ಪಂದಿರೇ ಎಲ್ಲರಿಗಿಂತ ಹೆಚ್ಚು ಹೆದರಿದವರು. ಧೈರ್ಯ ಹೇಳಿದವರು ವೃತ್ತಿಯಿಂದ ನರ್ಸ್ ಆಗಿರುವ, ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಅಕ್ಕ. "ಎಂತ ಹೆದರಿಕೆ ನಿಮಗೆ? ನಾವು ಹೈಸ್ಕೂಲಿನಲ್ಲಿ ಇದನ್ನೇ ಕಲ್ತದ್ದು ಮಾರಾಯ್ರೇ" ಎಂದರು. ನಿಜವೇ. ಕೇರಳ ಸರ್ಕಾರ 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭಿಸಿತು. ಅದೇ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿ ನಡೆಯುವುದು ಲಿನಕ್ಸ್. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಐರ್ಲೆಂಡಿನಲ್ಲಿ ಬೆಂಗಳೂರಿನ ಎಂಜಿನಿಯರುಗಳಿಗೆ ಪಾಠ ಹೇಳಿದಳೆಂದು ಬರೆಯಲು ನಮಗೆ ಸ್ವಲ್ಪ ನಾಚಿಕೆ, ಬಹಳ ಸಂತೋಷ.

ಲಿನಕ್ಸಿನಲ್ಲಿ ಹತ್ತಾರು ಬಗೆಗಳಿವೆ. ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್. ಅದನ್ನು 2006ರಲ್ಲಿ ಆರಂಭಿಸಿದವರು ಐರ್ಲೆಂಡಿನಲ್ಲಿ ನೆಲೆಸಿದ ಫ್ರೆಂಚ್ ತಂತ್ರಜ್ಞ ಕ್ಲೆಮಾಂ ಲಫೆವ್ರ್. ಅಂದರೆ ನಮ್ಮಂತೆಯೇ ಇಲ್ಲಿಗೆ ವಲಸೆ ಬಂದವರ ಕೂಸು ಅದು! ಅದರ ಆವೃತ್ತಿಗಳಿಗೆ ಹೆಣ್ಣುಮಕ್ಕಳ ಹೆಸರಿಡುವುದು ಪದ್ಧತಿ. 2012ರದ್ದು ಮಾಯಾ, 2018ರದ್ದು ತಾರಾ, 2021ರದ್ದು ಉಮಾ. ಅದರ ಬೆನ್ನಿಗೇ 2022ರಲ್ಲಿ ಬಂದದ್ದು ಊನಾ, ಅಪ್ಪಟ ಐರಿಷ್ ಹೆಸರು. ತಾರಾ ಎಂಬುದು ನಮಗೆ ನಕ್ಷತ್ರವಾದರೆ ಇಲ್ಲಿಯವರಿಗೆ ಮೀತ್ ಕೌಂಟಿಯಲ್ಲಿ ಹಳೆಯ ರಾಜರ ಪೀಠವಿದ್ದ ಗುಡ್ಡ. ಮಕ್ಕಳು ಹೆಸರಿನ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತ ಅರ್ಧ ಗಂಟೆ ಕಳೆದರು. 2024ರ ಕ್ರಿಸ್ಮಸ್ ರಜೆಯಲ್ಲಿ ನಾವು ಹಾಕಿದ್ದು 22ನೇ ಆವೃತ್ತಿ ವಿಲ್ಮಾ. ಅದಕ್ಕೆ 2029ರವರೆಗೆ ಸುರಕ್ಷತಾ ಪರಿಷ್ಕರಣೆಗಳಿವೆ, ಬೆಲೆ ಸೊನ್ನೆ.

ಈಗ ನಮ್ಮ ಪ್ರಮಾದವನ್ನು ಹೇಳಿಬಿಡುತ್ತೇವೆ. ಅಕ್ಕ ಮೊದಲೇ "ಬೇಕಾದದ್ದರ ಕಾಪಿ ತೆಗೆದಿಡಿ" ಎಂದು ಎರಡು ಸಲ ಹೇಳಿದ್ದರು. ನಾವು ಅಪ್ಪಂದಿರು "ಆಮೇಲೆ ಮಾಡೋಣ" ಎಂದು ಉತ್ಸಾಹದಲ್ಲಿ ಯಂತ್ರದ ಮೂಲ ಸೆಟ್ಟಿಂಗಿಗೆ ಹೋಗಿ ಸೆಕ್ಯೂರ್ ಬೂಟ್ ಎಂಬುದನ್ನು ಬದಲಿಸಿದೆವು. ಮರಳಿ ವಿಂಡೋಸ್ ತೆರೆಯಹೋದರೆ ನೀಲಿ ತೆರೆ! ನಲವತ್ತೆಂಟು ಅಂಕಿಗಳ ಕೀಲಿಯನ್ನು ಕೊಡಿ ಎಂದು ಅದು ಕೇಳುತ್ತಿತ್ತು. ಡಿಸ್ಕು ಬಿಟ್‌ಲಾಕರ್ ಎಂಬ ಬೀಗದಲ್ಲಿದೆಯೆಂದು ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಅಜ್ಜನ ನೂರನಲವತ್ತು ಪುಟ. ಅವರ ಮಗ ಮಾತಾಡದೆ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದೆವು. ಎಂದೋ ತೆರೆದು ಮರೆತಿದ್ದ ಇಮೇಲ್ ಖಾತೆಯೊಂದರಲ್ಲಿ ಆ ಕೀಲಿ ಉಳಿದಿತ್ತು. ಆ ಖಾತೆಯ ಪಾಸ್‌ವರ್ಡ್ ಸಿಕ್ಕಿ ಒಳಗೆ ಹೋಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆ ಎರಡು ರಾತ್ರಿ ನಮ್ಮಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಿಂಟ್ ಹಾಕಲು ಸೆಕ್ಯೂರ್ ಬೂಟನ್ನು ಬದಲಿಸುವ ಅಗತ್ಯವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು!

ಆದುದರಿಂದ ಪಾಲಕರಲ್ಲಿ ನಮ್ಮ ಕಳಕಳಿಯ ವಿನಂತಿ: ಮೊದಲು ಎಲ್ಲ ಕಡತಗಳ ಎರಡು ನಕಲು ಮಾಡಿ, ಒಂದನ್ನು ಮನೆಯಿಂದ ಹೊರಗಿಡಿ. ಎರಡನೆಯದಾಗಿ ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಇವೆರಡನ್ನೂ ಮಾಡದೆ ಮುಂದಿನ ವಾಕ್ಯವನ್ನು ಓದಬೇಡಿ ಎನ್ನುವಷ್ಟು ನಮಗೆ ಇದು ಮುಖ್ಯ.

ಮಿಕ್ಕ ಕೆಲಸ ಅಂಥ ಕಷ್ಟದ್ದಲ್ಲ. ಅದನ್ನು ಮಕ್ಕಳಿಗೆ ನಾವು ವಿವರಿಸಿದ್ದು ಮನೆ ಪಾಲಾಗುವ ಕಥೆಯಾಗಿ. ಅಣ್ಣ ವಿಂಡೋಸ್, ತಮ್ಮ ಲಿನಕ್ಸ್. ಇಡೀ ಮನೆ ಅಣ್ಣನದಾಗಿತ್ತು, ಈಗ ಅವನು ಸ್ವಲ್ಪ ಜರುಗಿ ತಮ್ಮನಿಗೆ ಎರಡು ಕೋಣೆ ಬಿಟ್ಟುಕೊಡಬೇಕು. 500 ಜಿಬಿ ಡಿಸ್ಕಿನಲ್ಲಿ 80 ತಮ್ಮನಿಗೆ, 100 ಇಬ್ಬರಿಗೂ ಸೇರಿದ ಬಾವಿಕಟ್ಟೆ, ಉಳಿದದ್ದು ಅಣ್ಣನಿಗೆ. ಜರುಗುವ ಕೆಲಸವನ್ನು ಅಣ್ಣನ ಕೈಯಲ್ಲೇ, ಅಂದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡಿಸುವುದು ಕ್ಷೇಮ. ತಮ್ಮನಿಗೆ ಅಣ್ಣನ ಕೋಣೆಯ ಸಾಮಾನು ಕಾಣುತ್ತದೆ. ಅಣ್ಣನಿಗೆ ತಮ್ಮನ ಕೋಣೆಯೊಳಗೇನಿದೆ ಎಂದು ತಾನಾಗಿ ಓದಲು ಬರುವುದಿಲ್ಲ. ಹೀಗಾಗಿ ಇಬ್ಬರಿಗೂ ಬೇಕಾದದ್ದನ್ನು ಬಾವಿಕಟ್ಟೆಯ ಮೇಲೆಯೇ ಇಡಬೇಕು. ಇನ್ನೊಂದು ಸಂಗತಿ: ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದಿದ್ದರೆ ಅಣ್ಣ ಮನೆ ಬಿಟ್ಟಂತೆ ಮಾಡಿ ಒಳಗೇ ಅರೆನಿದ್ದೆಯಲ್ಲಿರುತ್ತಾನೆ. ಆಗ ತಮ್ಮ ಅವನ ಸಾಮಾನು ಮುಟ್ಟಿದರೆ ಗಲಾಟೆ. ಅದನ್ನು ನಿಲ್ಲಿಸಿಬಿಡಬೇಕು.

ಎಂಟು ಜಿಬಿಯ ಯುಎಸ್‌ಬಿ ಕಡ್ಡಿಗೆ ಮಿಂಟನ್ನು ಇಳಿಸಿಕೊಂಡು, ಡಿಸ್ಕನ್ನು ಮುಟ್ಟದೆ ಕಡ್ಡಿಯಿಂದಲೇ ನಡೆಸಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರ್ ಎಲ್ಲ ಕೆಲಸ ಮಾಡುತ್ತವೆಯೇ ಎಂದು ಖಚಿತವಾದ ಮೇಲೆ ಮುಂದುವರಿಯಬಹುದು. ನಾವು ಮಕ್ಕಳ ಕೈಗೇ ಮೌಸ್ ಕೊಟ್ಟೆವು. ಹದಿಮೂರು ವರ್ಷದ ಹುಡುಗ ಪ್ರತಿ ಹೆಜ್ಜೆಗೂ ಮುನ್ನ ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಬೇಕು, ಎಲ್ಲರೂ ಒಪ್ಪಿದ ಮೇಲೆ ಒತ್ತಬೇಕು ಎಂಬುದು ಕರಾರು. "ಇಡೀ ಡಿಸ್ಕನ್ನು ಅಳಿಸು" ಎಂಬ ಆಯ್ಕೆ ಬಂದಾಗ ಅವನು ಕೈ ಹಿಂದಕ್ಕೆಳೆದುಕೊಂಡದ್ದನ್ನು ನೋಡಬೇಕಿತ್ತು. ಗ್ರಬ್ ಎಂಬ ದ್ವಾರಪಾಲಕನ ಪಟ್ಟಿಯಲ್ಲಿ ಎರಡು ಹೆಸರುಗಳು ಮೊದಲ ಸಲ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು, ದೊಡ್ಡವರೂ ತಟ್ಟಿದೆವು.

ಮೂರು ತಿಂಗಳು ಎಲ್ಲ ಸರಿಯಾಗಿತ್ತು. 2025ರ ಮಾರ್ಚ್ 30, ಯುಗಾದಿ. ಊರಿಗೆ ವಿಡಿಯೋ ಕರೆ ಮಾಡಬೇಕೆಂದು ಬೇವುಬೆಲ್ಲ ಹಿಡಿದು ಕುಳಿತರೆ ವಿಂಡೋಸಿನ ಗಡಿಯಾರ ಒಂದು ಗಂಟೆ ಹಿಂದಿತ್ತು! ಅಲ್ಲಿ ಅಜ್ಜಿ ಕಾದು ಕಾದು ಊಟಕ್ಕೆ ಎದ್ದಿದ್ದರು. ಕಾರಣ ಸ್ವಾರಸ್ಯವಾಗಿದೆ. ಯಂತ್ರದೊಳಗಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆಯೆಂದು ವಿಂಡೋಸ್ ತಿಳಿಯುತ್ತದೆ, ಜಾಗತಿಕ ಸಮಯವಿದೆಯೆಂದು ಲಿನಕ್ಸ್ ತಿಳಿಯುತ್ತದೆ. ಚಳಿಗಾಲದಲ್ಲಿ ಐರ್ಲೆಂಡಿನ ಸಮಯವೂ ಜಾಗತಿಕ ಸಮಯವೂ ಒಂದೇ ಆದ್ದರಿಂದ ಅಣ್ಣತಮ್ಮಂದಿರ ಈ ಭಿನ್ನಾಭಿಪ್ರಾಯ ಹೊರಗೆ ಬಿದ್ದಿರಲಿಲ್ಲ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆ ವರ್ಷ ಅದೇ ದಿನ ಯುಗಾದಿ. ಭಾರತದಲ್ಲಾಗಿದ್ದರೆ ಮೊದಲ ದಿನವೇ ಐದೂವರೆ ಗಂಟೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಲಿನಕ್ಸಿಗೆ "ನೀನೂ ಸ್ಥಳೀಯ ಸಮಯವನ್ನೇ ಪಾಲಿಸು" ಎಂದು ಒಂದು ಸಾಲಿನ ಆಜ್ಞೆ ಕೊಟ್ಟೆವು, ಜಗಳ ಮುಗಿಯಿತು. ಇಲ್ಲಿನ ಬೇಸಿಗೆ ಸಮಯಕ್ಕೆ ಐಎಸ್‌ಟಿ ಎಂದೇ ಹೆಸರು, ಐರಿಷ್ ಸ್ಟ್ಯಾಂಡರ್ಡ್ ಟೈಮ್. ನಮ್ಮ ಐಎಸ್‌ಟಿಯೂ ಬೇರೆ, ಇವರ ಐಎಸ್‌ಟಿಯೂ ಬೇರೆ ಎಂದು ಮಕ್ಕಳಿಗೆ ಅಂದು ಗೊತ್ತಾಯಿತು.

"ಇಷ್ಟೆಲ್ಲ ತಾಪತ್ರಯ ಯಾಕೆ? ಮಕ್ಕಳು ಓದಿಕೊಳ್ಳಲಿ, ತಂತ್ರಜ್ಞರು ಇದನ್ನು ಮಾಡಲಿ" ಎಂದು ಕೆಲವು ಪಾಲಕರು ಕೇಳಿದ್ದಾರೆ. ಗೌರವದಿಂದಲೇ ನಾವು ಇದನ್ನು ಒಪ್ಪುವುದಿಲ್ಲ. ಇಲ್ಲಿ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಕಂಪ್ಯೂಟರ್ ವಿಜ್ಞಾನ 2018ರಲ್ಲಿ 40 ಶಾಲೆಗಳಲ್ಲಿ ಆರಂಭವಾಯಿತು. 2020ರಿಂದ ಯಾವ ಶಾಲೆ ಬೇಕಾದರೂ ಅದನ್ನು ಕಲಿಸಬಹುದು. ಆದರೆ ನಮ್ಮ ಮಕ್ಕಳಿಗೆ ಗೊತ್ತಿರುವ ಕಂಪ್ಯೂಟರ್ ಎಂದರೆ ಗಾಜಿನ ಮೇಲೆ ಬೆರಳಾಡಿಸುವುದು. ಒಳಗೊಂದು ಡಿಸ್ಕಿದೆ, ಅದನ್ನು ಪಾಲು ಮಾಡಬಹುದು, ಅದರ ಮೇಲೆ ಏನು ನಡೆಯಬೇಕೆಂದು ಮನೆಯವರೇ ನಿರ್ಧರಿಸಬಹುದು ಎಂಬ ಕಲ್ಪನೆಯೇ ಅವರಿಗಿಲ್ಲ. ಎಂಟು ವರ್ಷದ ಲ್ಯಾಪ್‌ಟಾಪ್ ಕಲಿಯಲು ಹೇಳಿಮಾಡಿಸಿದ್ದು. ಕೆಟ್ಟರೆ ಯಾರ ಪರೀಕ್ಷೆಯೂ ನಿಲ್ಲದು, ನಕಲು ಇದ್ದರೆ.

ಲಿನಕ್ಸ್ ಒಂದೇ ಸಾಕು, ವಿಂಡೋಸನ್ನು ಕಿತ್ತೆಸೆಯಿರಿ ಎನ್ನುವ ಉತ್ಸಾಹಿಗಳೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನೂ ನಾವು ಪೂರ್ತಿ ಒಪ್ಪಲಾರೆವು. ಮಕ್ಕಳ ಕೆಲವು ಆಟಗಳು, ಕಚೇರಿಯ ಕೆಲವು ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯುವುದಿಲ್ಲ. ಲಿನಕ್ಸಿನೊಳಗೇ ವಿಂಡೋಸನ್ನು ಕೂರಿಸುವ ವಿದ್ಯೆಯಿದೆ, ಆದರೆ ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರ ಎರಡನ್ನೂ ಒಟ್ಟಿಗೆ ಹೊತ್ತರೆ ಏದುಸಿರು ಬಿಡುತ್ತದೆ. ಎರಡು ವ್ಯವಸ್ಥೆ ಇದ್ದರೆ ತೊಂದರೆಯೇ ಬಾರದೆಂದೂ ಹೇಳುವುದಿಲ್ಲ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಪರಿಷ್ಕರಣೆಯ ನಂತರ ಇಂಥ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದೇ ಹೋದದ್ದು ಸುದ್ದಿಯಾಗಿತ್ತು.

ಅಕ್ಟೋಬರ್ 14 ಬಂತು, ಹೋಯಿತು. ಯುರೋಪಿನವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಹಣವಿಲ್ಲದೆ ವಿಂಡೋಸ್ 10ರ ಸುರಕ್ಷತಾ ಪರಿಷ್ಕರಣೆ ಕೊಡುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ನಾವು ಅದಕ್ಕೆ ನೋಂದಾಯಿಸಲಿಲ್ಲ. ನಮ್ಮ ವಿಂಡೋಸಿಗೆ ಅಂತರ್ಜಾಲದ ಸಂಪರ್ಕವನ್ನೇ ತೆಗೆದುಬಿಟ್ಟೆವು. ಅದು ಈಗ ನುಡಿ ಕಡತ ತೆರೆಯಲು ಮತ್ತು ಹಳೆಯ ಎರಡು ಆಟಕ್ಕೆ ಮಾತ್ರ. ಶಾಲೆಯ ಕೆಲಸ, ಇಮೇಲ್, ವಿಡಿಯೋ ಕರೆ ಎಲ್ಲ ಮಿಂಟಿನಲ್ಲಿ.

ಅಜ್ಜನ ಬರಹವನ್ನು ಅಣ್ಣನ ಕೋಣೆಯಲ್ಲಿ ತೆರೆದು, ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಿ, ಬಾವಿಕಟ್ಟೆಯ ಮೇಲಿಟ್ಟು, ತಮ್ಮನ ಕೋಣೆಯಲ್ಲಿ ತಿದ್ದುತ್ತಿದ್ದೇವೆ. ಪರಿವರ್ತಕ ಎಲ್ಲವನ್ನೂ ಸರಿಯಾಗಿ ಮಾಡುವುದಿಲ್ಲ. ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಅಡ್ಡಾದಿಡ್ಡಿಯಾಗುತ್ತದೆ. ಹಾಗಾಗಿ ಯಾರಾದರೂ ಕುಳಿತು ಸಾಲುಸಾಲಾಗಿ ಓದಲೇಬೇಕು. ಮಿಂಟಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿದ್ದದ್ದೂ ಅದೇ. ಆದ್ದರಿಂದ ಅಪ್ಪನ ಬೆರಳಿಗೆ ಹೊಸ ಅಭ್ಯಾಸ ಬೇಕಾಗಲಿಲ್ಲ, ಮಗಳು ಅವರ ಪಕ್ಕ ಕುಳಿತು ಕಲಿತಳು. "ರೀಸ್ಟಾರ್ಟ್ ಬೇಡ" ಎಂದಿದ್ದವಳೇ ಈ ಹುಡುಗಿ. ವಾರಕ್ಕೆ ಎರಡು ಪುಟದಂತೆ ಐವತ್ತೊಂದನೇ ಪುಟಕ್ಕೆ ಬಂದಿದ್ದಾಳೆ. ಕಳೆದ ವಾರ "ಅಪ್ಪಾ, ಕೊಟ್ಟೆ ಕೊನೆ ಅಂದ್ರೆ ಏನು?" ಎಂದು ಕೇಳಿದಳಂತೆ. ಬೋರ್ಡೋ ದ್ರಾವಣ, ಅಡಿಕೆ ಗೊನೆಗೆ ಕಟ್ಟುವ ಹಾಳೆ, ಮಳೆಗಾಲದ ಕೊಳೆರೋಗ ಎಲ್ಲ ವಿವರಿಸುವಷ್ಟರಲ್ಲಿ ಆ ರಾತ್ರಿಯ ಎರಡು ಪುಟ ಅರ್ಧ ಪುಟವಾಯಿತು.

ಮಿಂಟ್ ತುಂಬಿದ ಯುಎಸ್‌ಬಿ ಕಡ್ಡಿ ನಮ್ಮ ಬಳಿ ಇದೆ. ಬೇಕಾದವರು ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ ಲ್ಯಾಪ್‌ಟಾಪ್ ಹಾಗೂ ಮಕ್ಕಳೊಡನೆ ಬನ್ನಿ. ಕಡತಗಳ ನಕಲು ತೆಗೆಯದೆ ಬಂದವರನ್ನು ಕುಂಬಳೆಯ ಅಕ್ಕ ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಾರೆ.